ಬಲಕ್ಕೆ ಎಳೆಯುವ ಟಾಂಗಾ ಕುದುರೆ, ಎಡ ಕಟವಾಯಿಯ ಹುಣ್ಣು: ಒಂದು ಕಡಿವಾಣದ ಪ್ರಕರಣ

ಮೈಸೂರಿನಲ್ಲಿ ಅರಮನೆಯ ಸುತ್ತ ಪ್ರವಾಸಿಗರನ್ನು ಕೂರಿಸಿಕೊಂಡು ಓಡಾಡುವ ಟಾಂಗಾದ ಕುದುರೆ ಇದು. ಗಂಡು, ಬೀಜ ತೆಗೆಸಿದ್ದು, ಹಲ್ಲು ನೋಡಿದರೆ ಏಳು ವರ್ಷ. ಎತ್ತರ 13.2 ಹ್ಯಾಂಡ್ (ನಾಲ್ಕಿಂಚಿನ 13 ಹ್ಯಾಂಡ್, ಮೇಲೆ 2 ಇಂಚು), ಅಂದರೆ ಹೆಗಲ ಹತ್ತಿರ 54 ಇಂಚು. ಮೈಕಟ್ಟು ಚೆನ್ನಾಗಿದೆ, ಲಾಳ ಸರಿಯಿದೆ, ಕುಂಟಿಲ್ಲ. ದಸರೆಗೆ ಎರಡೂವರೆ ತಿಂಗಳಿದೆ ಅನ್ನುವಾಗ ಮಾಲೀಕರು ಹೇಳಿದ ದೂರು ಹೀಗಿತ್ತು: "ಬಾಯಿ ಗಟ್ಟಿ ಆಗೋಗಿದೆ ಸಾರ್. ಬಲಕ್ಕೇ ಎಳೆಯುತ್ತೆ. ಎಡಕ್ಕೆ ತಿರುಗಿಸೋಕೆ ಹೋದ್ರೆ ತಲೆ ಎತ್ತಿ ಬಾಯಿ ಬಿಡುತ್ತೆ. ಮುಳ್ಳಿನ ಕಡಿವಾಣ ಒಂದು ಕೊಡಿಸಿ, ದಾರಿಗೆ ಬರುತ್ತೆ."

ನಮ್ಮ ರಸ್ತೆಯಲ್ಲಿ ಗಾಡಿ ಹೋಗುವುದು ಎಡಬದಿಯಲ್ಲಿ. ಹಾಗಾಗಿ ಬಲಕ್ಕೆ ವಾಲುವ ಕುದುರೆ ಎಂದರೆ ಎದುರು ಬರುವ ಬಸ್ಸಿಗೆ ಮುಖ ಕೊಡುವ ಕುದುರೆ. ಮಾಲೀಕರ ಆತಂಕದಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಅವರು ಕೇಳಿದ ಪರಿಹಾರ ಮಾತ್ರ ತಪ್ಪು. ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಗೆಂದು 1965ರಲ್ಲಿ ಬಂದ ನಿಯಮಗಳು ಮುಳ್ಳು, ಗುಬಟು, ಚೂಪು ಇರುವ ಕಡಿವಾಣವನ್ನು ನಿಷೇಧಿಸಿವೆ. ಕಾನೂನಿನ ಮಾತು ಬಿಟ್ಟರೂ, ಈ ಕುದುರೆಗೆ ಅದನ್ನು ಹಾಕಿದ್ದರೆ ಒಂದು ವಾರದಲ್ಲಿ ಗಾಡಿ ಮೋರಿಯಲ್ಲಿರುತ್ತಿತ್ತು. ಯಾಕೆ ಅನ್ನುವುದು ಬಾಯಿ ನೋಡಿದ ಮೇಲೆ ತಿಳಿಯಿತು.

ವೃತ್ತದಲ್ಲಿ ಸಿಕ್ಕ ಸುಳಿವು

ಮೊದಲು ಬಾಯಿಗೆ ಕೈ ಹಾಕಲಿಲ್ಲ. ಕುದುರೆ ದಿನಾ ಮಾಡುವ ಕೆಲಸವನ್ನೇ ಮಾಡುವಾಗ ನೋಡಲಾಯಿತು. ಕೆ.ಆರ್. ವೃತ್ತದ ಹತ್ತಿರ ಒಂದು ವಿಷಯ ಸ್ಪಷ್ಟವಾಯಿತು. ವೃತ್ತ ಸುತ್ತುವಾಗ ಗಾಡಿ ಬಲಕ್ಕೆ ಬಾಗುತ್ತಲೇ ಇರುತ್ತದೆ. ಆಗ ಕುದುರೆ ಬೆಣ್ಣೆ ತೆಗೆದಷ್ಟು ಸಲೀಸಾಗಿ ಹೋಗುತ್ತಿತ್ತು. ವೃತ್ತದಿಂದ ಎಡಕ್ಕೆ ಹೊರಬರುವ ಕ್ಷಣದಲ್ಲಿ ಮಾತ್ರ ತಲೆ ಮೇಲೆ, ಮೂತಿ ಬಲಕ್ಕೆ, ಬಾಯಿ ಅಗಲ. ಹತ್ತು ಎಡ ತಿರುವುಗಳಲ್ಲಿ ಎಂಟು ಸಲ ಹೀಗಾಯಿತು. ಬಲ ತಿರುವಿನಲ್ಲಿ ಒಂದು ಸಲವೂ ಇಲ್ಲ.

ಬಾಯಿ ನಿಜಕ್ಕೂ 'ಗಟ್ಟಿ' ಆದ, ಅಂದರೆ ಲಗಾಮಿನ ಎಳೆತಕ್ಕೆ ಜಗ್ಗದ ಕುದುರೆ ಎರಡೂ ಕಡೆ ಗಟ್ಟಿ ಇರುತ್ತದೆ. ಒಂದೇ ಕಡೆ ತಕರಾರು ಮಾಡುವ ಕುದುರೆಗೆ ಬಹುತೇಕ ನೋವಿರುತ್ತದೆ, ಅದೂ ಅದು ವಾಲುವ ಕಡೆಗಲ್ಲ, ಎದುರು ಬದಿಗೆ. ಎಡಗಡೆ ನೋವಿದ್ದರೆ ಎಡ ಲಗಾಮಿನ ಒತ್ತಡ ತಡೆಯಲಾಗದೆ, ನೋವಿಲ್ಲದ ಬಲ ಲಗಾಮಿನ ಮೇಲೆ ಭಾರ ಹಾಕುತ್ತದೆ. ಓಡಿಸುವವರ ಕೈಗೆ ಸಿಗುವುದು ಬಲಗಡೆಯ ಬಿಗಿ. ಅವರು ನೇರ ಮಾಡಲು ಎಡಕ್ಕೆ ಇನ್ನೂ ಜೋರಾಗಿ ಎಳೆಯುತ್ತಾರೆ. ನೋವು ಹೆಚ್ಚುತ್ತದೆ, ಕುದುರೆ ಇನ್ನಷ್ಟು ಬಲಕ್ಕೆ ಹೋಗುತ್ತದೆ.

ಊಹೆ ಸರಿಯೇ ಎಂದು ತಿಳಿಯಲು ಗೋಡೆ ಇರುವ ಬಯಲಿನಲ್ಲಿ ಮೂರು ಪರೀಕ್ಷೆ. ಗಾಡಿ ಇಲ್ಲದೆ, ಕಡಿವಾಣ ಇಲ್ಲದೆ, ಬರೀ ಮೂಗುಪಟ್ಟಿಗೆ ಉದ್ದ ಹಗ್ಗ ಕಟ್ಟಿ ಹಿಂದಿನಿಂದ ನಡೆಸಿದಾಗ ಎರಡೂ ಕಡೆ ಸಮಾನವಾಗಿ ತಿರುಗಿತು. ಗಾಡಿ ಇಲ್ಲದೆ ಕಡಿವಾಣ ಹಾಕಿ ನಡೆಸಿದಾಗ ಎಡ ತಿರುವಿನ ತೊಂದರೆ ಹಾಗೇ ಕಾಣಿಸಿತು. ಗಾಡಿ ಕಟ್ಟಿ, ಕಡಿವಾಣ ಇಲ್ಲದೆ, ಇಬ್ಬರು ಎರಡೂ ಬದಿ ಹಿಡಿದು ನಡೆಸಿದಾಗ ನೇರ ಹೋಯಿತು. ಅಲ್ಲಿಗೆ ಗಾಡಿ, ಎದೆಪಟ್ಟಿ, ಕಾಲು ಇವುಗಳ ಮೇಲಿನ ಅನುಮಾನ ಮುಗಿಯಿತು. ಎಳೆಪಟ್ಟಿಗಳ ಉದ್ದ ಅಳೆದು ನೋಡಿದ್ದೂ ಸಮನಾಗಿತ್ತು.

ಬಾಯಿಯೊಳಗೆ

ಕುದುರೆಗೆ ಮುಂದಿನ ಬಾಚಿಹಲ್ಲಿಗೂ ಹಿಂದಿನ ದವಡೆಹಲ್ಲಿಗೂ ನಡುವೆ ಹಲ್ಲಿಲ್ಲದ ಜಾಗ ಇದೆ. ಕಡಿವಾಣ ಕೂರುವುದು ಅಲ್ಲಿ. ಕೆಳದವಡೆಯಲ್ಲಿ ಆ ಜಾಗದ ಮೂಳೆ ಏಣಿನ ಹಾಗೆ ಚೂಪು. ಅದರ ಮೇಲೆ ತೆಳುವಾದ ಒಸಡಿನ ಹೊದಿಕೆ ಬಿಟ್ಟರೆ ಮಾಂಸವೇ ಇಲ್ಲ. ನಮ್ಮ ಮೊಣಕಾಲ ಕೆಳಗಿನ ಮೂಳೆಗೆ ಕಬ್ಬಿಣ ತಾಗಿದರೆ ಹೇಗಿರುತ್ತದೋ ಹಾಗೆ. ಗಂಡಿಗೆ ನಾಲ್ಕೈದು ವರ್ಷಕ್ಕೆ ಈ ಖಾಲಿ ಜಾಗದ ಮುಂಭಾಗದಲ್ಲಿ ಕೋರೆಹಲ್ಲು ಬರುತ್ತದೆ, ಹೆಣ್ಣಿಗೆ ಸಾಮಾನ್ಯವಾಗಿ ಇಲ್ಲ. ಇವಲ್ಲದೆ ಮೊದಲ ದವಡೆಹಲ್ಲಿನ ಮುಂದೆ ಕಡಲೆಕಾಳಿನಷ್ಟು ಸಣ್ಣ ಹಲ್ಲೊಂದು ಕೆಲವು ಕುದುರೆಗಳಿಗೆ ಇರುತ್ತದೆ. ಪಶುವೈದ್ಯರು ಅದನ್ನು ವುಲ್ಫ್ ಟೂತ್ ಅನ್ನುತ್ತಾರೆ. ಹೆಚ್ಚಾಗಿ ಮೇಲ್ದವಡೆಯಲ್ಲಿ, ಒಂದೂವರೆ ವರ್ಷದೊಳಗೇ ಬಂದಿರುತ್ತದೆ. ಎಲ್ಲವೂ ತೊಂದರೆ ಕೊಡುವುದಿಲ್ಲ. ಅಲುಗಾಡುವಂಥದ್ದು, ಮುಂದಕ್ಕೆ ಸರಿದು ಕೂತದ್ದು ಕೊಡುತ್ತದೆ.

ಈ ಕುದುರೆಯಲ್ಲಿ ಕಂಡದ್ದು ಇಷ್ಟು. ಎಡ ಕಟವಾಯಿಯಲ್ಲಿ ಒಂದೂವರೆ ಸೆಂಟಿಮೀಟರ್ ಉದ್ದದ ಬಿರುಕು. ಅಂಚು ದಪ್ಪಗಟ್ಟಿತ್ತು, ಅಂದರೆ ಮಾಯ್ದು ಮತ್ತೆ ಒಡೆದ ಹಳೇ ಗಾಯ. ಕೆಳದವಡೆಯ ಎಡ ಏಣಿನ ಮೇಲೆ ಹೆಸರುಕಾಳಿನಷ್ಟು ಕೆಂಪು ಹುಣ್ಣು. ಹೆಬ್ಬೆರಳಿಂದ ಸವರಿದರೆ ಮೂಳೆಯಲ್ಲಿ ಗಂಟು ಸಿಗಲಿಲ್ಲ, ನಾತವೂ ಇರಲಿಲ್ಲ. ಅದು ಸಮಾಧಾನದ ಸಂಗತಿ. ಗಂಟು ಸಿಕ್ಕಿದ್ದರೆ ಎಕ್ಸ್‌ರೇ ಬೇಕಾಗುತ್ತಿತ್ತು, ಮಾತು ತಿಂಗಳುಗಳಿಗೆ ಹೋಗುತ್ತಿತ್ತು. ಮೇಲ್ದವಡೆಯ ಎಡಗಡೆ ಅಲುಗಾಡುವ ವುಲ್ಫ್ ಟೂತ್. ದವಡೆಹಲ್ಲುಗಳ ಹೊರ ಅಂಚು ಎರಡೂ ಕಡೆ ಚೂಪು. ಇದು ಬಹುಪಾಲು ಕುದುರೆಗಳಲ್ಲಿ ಆಗುವಂಥದ್ದೇ: ಮೇಲ್ದವಡೆ ಕೆಳದವಡೆಗಿಂತ ಅಗಲ, ಹಾಗಾಗಿ ಮೇಲಿನ ಹಲ್ಲಿನ ಹೊರ ಅಂಚು, ಕೆಳಗಿನದರ ಒಳ ಅಂಚು ಸವೆಯದೆ ಉಳಿದು ಕತ್ತಿಯಾಗುತ್ತವೆ. ಕಡಿವಾಣವನ್ನು ಎರಡು ಬದಿ ಹಿಡಿದಿಡುವ ಕೆನ್ನೆಪಟ್ಟಿ ಒತ್ತಿದಾಗ ಒಳಗಿನ ಕೆನ್ನೆ ಆ ಕತ್ತಿಗೆ ಸಿಗುತ್ತದೆ.

ಇನ್ನು ಹಳೆಯ ಕಡಿವಾಣ. ಕುಲುಮೆಯಲ್ಲಿ ಮಾಡಿಸಿದ ಕಬ್ಬಿಣದ್ದು, ನಡುವೆ ಒಂದೇ ಕೀಲು, ಎರಡು ಕಡೆ ಸಡಿಲ ಬಳೆ. ಉದ್ದ ಐದೂವರೆ ಇಂಚು, 140 ಮಿಲಿಮೀಟರ್. ಬಳೆ ತೂರುವ ಎಡ ತೂತು 3 ಮಿಲಿಮೀಟರ್‌ನಷ್ಟು ಉದ್ದಕ್ಕೆ ಸವೆದು ಅಂಚಿನಲ್ಲಿ ಸಿಬಿರು ಎದ್ದಿತ್ತು. ಬಲ ತೂತು ದುಂಡಗೇ ಇತ್ತು. ಓಡಿಸುವವರು ವರ್ಷಾನುಗಟ್ಟಲೆ ಯಾವ ಕಡೆ ಎಳೆದಿದ್ದಾರೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಹತ್ತಿಯ ಉಂಡೆಯಿಂದ ಆ ಅಂಚು ಒರೆಸಿದರೆ ಎಳೆ ಎಳೆ ಸಿಕ್ಕಿಕೊಳ್ಳುತ್ತಿತ್ತು. ಕಡಿವಾಣ ಕೊಳ್ಳುವಾಗಲೂ ತಪಾಸಣೆ ಮಾಡುವಾಗಲೂ ಈ ಹತ್ತಿ ಪರೀಕ್ಷೆ ಮಾಡಬಹುದು. ಹತ್ತಿ ಸಿಕ್ಕುವ ಕಡೆ ತುಟಿಯೂ ಸಿಕ್ಕುತ್ತದೆ.

ಇದರ ಮೇಲೆ ಎರಡು ರಿಪೇರಿಗಳಾಗಿದ್ದವು. ಎಡ ಕೆನ್ನೆಪಟ್ಟಿಯನ್ನು ಬಲಕ್ಕಿಂತ ಒಂದು ತೂತು ಮೇಲೆ ಬಿಗಿದಿದ್ದರು. ತೂತಿನ ಅಂತರ ಎರಡು ಸೆಂಟಿಮೀಟರ್. ಎಡ ಕಟವಾಯಿಯಲ್ಲಿ ಮೂರು ನೆರಿಗೆ, ಬಲಗಡೆ ಒಂದು. ಬಾಯಿ ಬಿಡದಿರಲಿ ಎಂದು ಮೂತಿಗೆ ನವಾರಿನ ಪಟ್ಟಿ ಕಟ್ಟಿದ್ದರು, ಕಿರುಬೆರಳೂ ತೂರದಷ್ಟು ಬಿಗಿ. ಎರಡನ್ನೂ ಒಳ್ಳೆಯ ಉದ್ದೇಶದಿಂದಲೇ ಮಾಡಿದ್ದರು, ಎರಡರಿಂದಲೂ ಗಾಯ ಆಳವಾಗಿತ್ತು.

ಅಳತೆ

ಬಾಯಿಯ ಅಗಲವನ್ನು ದಾರದಲ್ಲಿ ಅಳೆಯುವ ರೂಢಿ ಇದೆ. ದಾರ ನಾಲಿಗೆಯ ಮೇಲೆ ಬಾಗುತ್ತದೆ, ಅಳತೆ ಹೆಚ್ಚು ಬರುತ್ತದೆ. ವೈರಿಂಗಿಗೆ ಬಳಸುವ ಗಟ್ಟಿ ಪಿವಿಸಿ ಕೊಳವೆಯ ಒಂದಡಿ ತುಂಡು ಸಾಕು. ತುದಿಗಳನ್ನು ಉಜ್ಜಿ ನುಣುಪು ಮಾಡಿ, ಒಂದು ಕಡೆ ರಬ್ಬರ್ ವಾಷರ್ ತೂರಿಸಿ. ಕಡಿವಾಣ ಕೂರುವ ಜಾಗದಲ್ಲೇ ಅಡ್ಡ ಇಟ್ಟು, ವಾಷರ್ ಒಂದು ತುಟಿಗೆ ಬರೀ ತಾಗುವಂತೆ ಹಿಡಿದು, ಇನ್ನೊಂದು ತುಟಿಯ ಹೊರ ಅಂಚಿನಲ್ಲಿ ಪೆನ್ನಿಂದ ಗೆರೆ. ತುಟಿ ಹಿಂಡಬಾರದು. ಎರಡು ಸಲ ಅಳೆಯಬೇಕು. ಈ ಕುದುರೆಗೆ ಎರಡು ಸಲವೂ 119 ಮಿಲಿಮೀಟರ್ ಬಂತು.

ಅಂದರೆ ಹಳೆಯ ಕಡಿವಾಣ 21 ಮಿಲಿಮೀಟರ್ ಹೆಚ್ಚು. ಎಡ ಲಗಾಮು ಎಳೆದಾಗ ಇಡೀ ಕಬ್ಬಿಣ ಎಡಕ್ಕೆ ಜಾರುತ್ತದೆ, ಬಲ ಬಳೆ ಕೆನ್ನೆಗೆ ತಾಗಿದಾಗಲೇ ನಿಲ್ಲುವುದು. ಅಷ್ಟರಲ್ಲಿ ನಡುವಿನ ಕೀಲು ನಾಲಿಗೆಯ ಮಧ್ಯ ಬಿಟ್ಟು ಒಂದು ಸೆಂಟಿಮೀಟರಿನಷ್ಟು ಎಡಕ್ಕೆ ಬಂದಿರುತ್ತದೆ. ಒಂಟಿ ಕೀಲಿನ ಕಡಿವಾಣ ಎಳೆದಾಗ ಅಡಕತ್ತರಿಯ ಹಾಗೆ ಮಡಚಿಕೊಳ್ಳುತ್ತದೆ. ಬಾಯಿಗೆ ಸರಿಹೊಂದಿದ್ದರೆ ನಾಲಿಗೆ ಆ ಒತ್ತಡದಲ್ಲಿ ಪಾಲು ಪಡೆಯುತ್ತದೆ. ಅಗಲ ಜಾಸ್ತಿಯಾದರೆ ಅಡಕತ್ತರಿಗೆ ಸಿಗುವುದು ಎಡ ಏಣು ಒಂದೇ. ಹೆಸರುಕಾಳಿನ ಹುಣ್ಣು ಎಲ್ಲಿಂದ ಬಂತು ಅನ್ನುವುದಕ್ಕೆ ಲೆಕ್ಕ ಇಲ್ಲಿಗೆ ತಾಳೆಯಾಯಿತು.

ದಪ್ಪಕ್ಕೆ ಬೇರೆ ಪರೀಕ್ಷೆ. ತೋರುಬೆರಳು, ನಡುಬೆರಳು ಒಂದರ ಮೇಲೊಂದು ಇಟ್ಟು ಹಲ್ಲಿಲ್ಲದ ಜಾಗದಲ್ಲಿ ಪಕ್ಕದಿಂದ ತೂರಿಸಿ, ಕುದುರೆ ಬಾಯಿ ಮುಚ್ಚಲಿ. ಬೆರಳು ಆರಾಮವಾಗಿದ್ದರೆ ಜಾಗ ಇದೆ. ಇಲ್ಲಿ ಬೆರಳು ಹಿಂಡಿಕೊಂಡವು: ನಾಲಿಗೆ ದಪ್ಪ, ಅಂಗುಳು ತಗ್ಗು. ದಪ್ಪ ಕಡಿವಾಣ ಮೃದು ಅನ್ನುವ ಮಾತು ಎಲ್ಲ ಕಡೆ ಕೇಳುತ್ತದೆ. ಬಾಯಲ್ಲಿ ಜಾಗವಿಲ್ಲದ ಕುದುರೆಗೆ 20 ಮಿಲಿಮೀಟರ್ ದಪ್ಪದ್ದು ಹಾಕುವುದೆಂದರೆ ಬಾಯಿಗೆ ಬಟ್ಟೆ ತುರುಕಿದಂತೆ. ಈ ಬಾಯಿಗೆ 14 ಸರಿ. ತೀರಾ ತೆಳು ಮಾಡಿದರೆ ಅದೂ ತಪ್ಪು, ಒತ್ತಡ ಗೆರೆಯಷ್ಟು ಜಾಗಕ್ಕೆ ಬೀಳುತ್ತದೆ.

ಮೊದಲು ಹಲ್ಲು, ಆಮೇಲೆ ಕಬ್ಬಿಣ

ಪಶುವೈದ್ಯರು ಮಂಪರು ಮದ್ದು ಕೊಟ್ಟು, ಜಾಗಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಹಾಕಿ ವುಲ್ಫ್ ಟೂತ್ ಕಿತ್ತರು. ದವಡೆಹಲ್ಲಿನ ಚೂಪು ಅಂಚಿಗೆ ಅರ ಹಾಕಿದರು. ಅರ ಹಾಕುವುದು ಚೂಪು ಮುರಿಯುವವರೆಗೆ ಮಾತ್ರ. ಅಗೆಯುವ ಮೇಲ್ಮೈಯನ್ನೇ ನುಣುಪು ಮಾಡಿಬಿಟ್ಟರೆ ಕುದುರೆ ಮೇವು ನುರಿಸಲಾರದು. ಧನುರ್ವಾಯು ಲಸಿಕೆ ಹಾಕಿದ ದಾಖಲೆ ಇರಲಿಲ್ಲ, ಅದನ್ನೂ ಹಾಕಲಾಯಿತು. ತುಕ್ಕು ಕಬ್ಬಿಣದ ಗಾಯ, ಪಕ್ಕದಲ್ಲೇ ಲದ್ದಿ, ಕುದುರೆ ಧನುರ್ವಾಯುವಿಗೆ ಬೇಗ ಬಲಿಯಾಗುವ ಪ್ರಾಣಿ. ಮಂಪರು ಪೂರ್ತಿ ಇಳಿಯುವವರೆಗೆ ಮೇವು ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಹದಿನಾಲ್ಕು ದಿನ ಬಾಯಿಗೆ ಏನೂ ಇಲ್ಲ, ಗಾಡಿಯೂ ಇಲ್ಲ. ಕಡಿವಾಣ ಇಲ್ಲದೆ ಪೇಟೆ ರಸ್ತೆಗೆ ಗಾಡಿ ಇಳಿಸುವ ಪ್ರಶ್ನೆಯೇ ಬರುವುದಿಲ್ಲ. ಮಾಲೀಕರಲ್ಲಿ ಇನ್ನೊಂದು ಕುದುರೆ ಇದ್ದದ್ದರಿಂದ ಇದು ಸಾಧ್ಯವಾಯಿತು. ಒಂದೇ ಕುದುರೆಯ ಮನೆಯಲ್ಲಿ ಹದಿನಾಲ್ಕು ದಿನದ ಸಲಹೆ ಕೊಡುವುದು ಸುಲಭ, ಪಾಲಿಸುವುದು ಕಷ್ಟ. ಒಂದು ಲೀಟರ್ ಬೆಚ್ಚನೆ ನೀರಿಗೆ 9 ಗ್ರಾಂ, ಅಂದರೆ ಒಂದೂವರೆ ಟೀ ಚಮಚ ಉಪ್ಪು ಹಾಕಿ ದಿನಕ್ಕೆ ಎರಡು ಸಲ ಬಾಯಿ ತೊಳೆದರು. ಹುರುಳಿ ನೆನೆಸಿ ಬೇಯಿಸಿ ಕೊಟ್ಟರು, ಹಸಿಹುಲ್ಲು, ಕುದುರೆಮಸಾಲೆ ಸೊಪ್ಪು. ಗಟ್ಟಿ ಒಣಮೇವು ನಿಂತಿತ್ತು. ದಿನಾ ಅರ್ಧ ಗಂಟೆ ಕೈಹಿಡಿದು ನಡಿಗೆ.

ಯಾವ ಕಡಿವಾಣ, ಯಾಕೆ

ಈ ಹದಿನಾಲ್ಕು ದಿನದಲ್ಲಿ ಆಯ್ಕೆಯ ಚರ್ಚೆ ನಡೆಯಿತು. ಸರಿಪಡಿಸುವ ಕಡಿವಾಣ ಎಂದು ಮಾರುವವುಗಳಲ್ಲಿ ಹೆಚ್ಚಿನವು ಜೋರಿನ ಕಡಿವಾಣಗಳೇ. ತಿರುಚಿದ ಸರಳಿನದು, ಸರಪಳಿಯದು ಎಲ್ಲಕ್ಕೂ ಕೆಲಸ ಒಂದೇ: ಕಡಿಮೆ ಎಳೆತಕ್ಕೆ ಹೆಚ್ಚು ನೋವು. ಇಲ್ಲಿ ನೋವೇ ಮೂಲ ಕಾಯಿಲೆ. ಗದ್ದದ ಕೆಳಗೆ ಸರಪಳಿ ಇರುವ ಲಿವರ್‌ಪೂಲ್ ಬಿಟ್ ಗಾಡಿ ಕುದುರೆಗೆ ಒಳ್ಳೆಯ ಸಾಧನ, ಆದರೆ ಹಗುರ ಕೈಗೆ. ಒಂದೇ ಕಡೆ ಎಳೆದು ಅಭ್ಯಾಸವಾದ ಕೈಗೆ ಸನ್ನೆಗೋಲು ಕೊಟ್ಟಂತಾಗುತ್ತದೆ. ಕೀಲಿಲ್ಲದ, ಸ್ವಲ್ಪ ಬಾಗಿದ ಮಲ್ಲನ್ ಬಿಟ್ ಬಗ್ಗೆ ಹೆಚ್ಚು ಹೊತ್ತು ಯೋಚಿಸಲಾಯಿತು. ಅದು ಮಡಚುವುದಿಲ್ಲ, ಜಾರುವುದು ಕಡಿಮೆ. ಆದರೆ ಇಡೀ ಸರಳು ಒಂದೇ ತುಂಡು; ಬಲಕ್ಕೆ ಭಾರ ಹಾಕುವ ಚಾಳಿ ಇರುವ ಕುದುರೆ ಅದನ್ನು ಓರೆ ಮಾಡಿಕೊಂಡು ಒರಗುತ್ತದೆ, ಎಡ ಬಲ ಎಂದು ಬೇರೆ ಬೇರೆ ಮಾತಾಡಲು ಕೈಗೆ ಆಗುವುದಿಲ್ಲ. ರಬ್ಬರಿನದು ಮೆತ್ತಗಿದೆ ನಿಜ, ಜಗಿದು ತುಂಡು ಮಾಡಿದರೆ ಗಾಡಿ ಯಾರ ಕೈಯಲ್ಲೂ ಇರುವುದಿಲ್ಲ.

ಕೊನೆಗೆ ಆರಿಸಿದ್ದು ಎರಡು ಕೀಲಿನ ಸ್ನ್ಯಾಫಲ್, ಅಂದರೆ ಸನ್ನೆಗೋಲಿನ ಒತ್ತಡ ಇಲ್ಲದ ಸಾದಾ ಕಡಿವಾಣ. ನಡುವೆ ಆಲಿವ್ ಕಾಯಿಯ ಆಕಾರದ ನುಣುಪು ಗುಂಡು, ಲೋಜೆಂಜ್ ಅನ್ನುತ್ತಾರೆ. ಅದು ನಾಲಿಗೆಯ ಮೇಲೆ ಚಪ್ಪಟೆಯಾಗಿ ಕೂರುತ್ತದೆ, ಅಡಕತ್ತರಿ ಆಟ ಕಡಿಮೆ, ಎರಡು ಬದಿಗಳು ಬೇರೆ ಬೇರೆಯಾಗಿ ಅಲುಗುತ್ತವೆ. ಕೊಳ್ಳುವಾಗ ನಡುವಿನ ತುಂಡನ್ನು ಗಮನಿಸಬೇಕು. ಡಾಕ್ಟರ್ ಬ್ರಿಸ್ಟಲ್ ಎಂಬ ಇನ್ನೊಂದು ಬಗೆಯಲ್ಲಿ ಅಲ್ಲಿ ಓರೆಯಾದ ತಗಡಿರುತ್ತದೆ. ದೂರದಿಂದ ಒಂದೇ ಥರ ಕಂಡರೂ ಆ ತಗಡಿನ ಅಂಚು ನಾಲಿಗೆಗೆ ಒತ್ತುತ್ತದೆ.

ಬದಿಗೆ ಬಳೆ ಮಾತ್ರ ಸಾಲದು, ಕೆನ್ನೆಗೆ ಒತ್ತುವ ಕಡ್ಡಿ ಬೇಕು. ಎಡ ಲಗಾಮು ಎಳೆದಾಗ ಬಲಗಡೆಯ ಕಡ್ಡಿ ಬಲ ಕೆನ್ನೆಯನ್ನು ಎಡಕ್ಕೆ ನೂಕುತ್ತದೆ. ಗಾಯವಿದ್ದ ಎಡಗಡೆಯನ್ನು ಹೆಚ್ಚು ನೋಯಿಸದೆ ತಿರುಗಿಸುವ ದಾರಿ ಇದೇ. ಸರಿಪಡಿಸುವ ಗುಣ ಈ ಕಡಿವಾಣದಲ್ಲಿ ಇರುವುದೂ ಇಲ್ಲೇ. ಮೇಲೆ ಕೆಳಗೆ ಎರಡೂ ಕಡೆ ಕಡ್ಡಿ ಇರುವುದು ಸವಾರಿ ಕುದುರೆಗೆ ಸರಿ, ಗಾಡಿ ಕುದುರೆಗೆ ಅಪಾಯ: ಮೇಲಿನ ಕಡ್ಡಿ ಪಟ್ಟಿಗೋ ಗಾಡಿಯ ಮೂಕಿಗೋ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಕೆಳಗೆ ಮಾತ್ರ ಚಪ್ಪಟೆ ಕಡ್ಡಿ ಇರುವ ಹಾಫ್ ಚೀಕ್. ಉದ್ದ 5 ಇಂಚು, ಅಂದರೆ 127 ಮಿಲಿಮೀಟರ್: ಒಂದೊಂದು ಕಡೆ 4 ಮಿಲಿಮೀಟರ್ ಬಿಡುವು. ನಾಲ್ಕೂಮುಕ್ಕಾಲು ಇಂಚಿನದೂ ಸಿಗುತ್ತಿತ್ತು, ಆದರೆ ಅದರಲ್ಲಿ ಒಂದೊಂದು ಕಡೆ ಬಿಡುವು ಒಂದು ಮಿಲಿಮೀಟರೂ ಇಲ್ಲ, ತುಟಿ ಹಿಂಡುತ್ತದೆ. ಲೋಹ ಸ್ಟೇನ್‌ಲೆಸ್ ಸ್ಟೀಲ್. ನಿಕ್ಕಲ್ ಲೇಪದ ಅಗ್ಗದ ಕಡಿವಾಣ ಹೊಸದರಲ್ಲಿ ಹೊಳೆಯುತ್ತದೆ, ಲೇಪ ಸುಲಿದಾಗ ಅದರ ಅಂಚೇ ಬ್ಲೇಡು.

ಹಾಕುವುದು

ಲೋಜೆಂಜಿನ ಎರಡು ಕೈಗಳಿಗೂ ಬಾಗು ಇರುತ್ತದೆ. ಆ ಬಾಗು ಮೂತಿಯ ಕಡೆಗೆ ಇರಬೇಕು, ತಿರುಗುಮುರುಗಾದರೆ ನಾಲಿಗೆಗೆ ಕುತ್ತು. ಚಪ್ಪಟೆ ಕಡ್ಡಿ ಕೆಳಮುಖ. ಎರಡೂ ಕೆನ್ನೆಪಟ್ಟಿ ಒಂದೇ ತೂತಿನಲ್ಲಿ. ಎಣಿಸಿ ಹಾಕಬೇಕು, ಕಣ್ಣಳತೆ ಬೇಡ. ಕಟವಾಯಿಯಲ್ಲಿ ಸಣ್ಣದೊಂದು ನೆರಿಗೆ ಬಂದರೆ ಎತ್ತರ ಸರಿ. ಎತ್ತರ ಗೊತ್ತುಮಾಡುವ ಮುಂಚೆ ತುಟಿ ಎತ್ತಿ ನೋಡಲೇಬೇಕು: ಕಡಿವಾಣ ಕೋರೆಹಲ್ಲಿಗೂ ತಾಗಬಾರದು, ದವಡೆಹಲ್ಲಿಗೂ ತಾಗಬಾರದು. ನೆರಿಗೆಯ ಲೆಕ್ಕ ಹೊರಗಿನದು, ತುಟಿ ಮಾಂಸಲವಾಗಿರುವ ಕುದುರೆಯಲ್ಲಿ ಅದು ಸುಳ್ಳು ಹೇಳುತ್ತದೆ. ಮೂಗುಪಟ್ಟಿ ಹಾಕುವುದಾದರೆ ಮೂಗಿನ ಮೂಳೆಯ ಮೇಲೆ ಎರಡು ಬೆರಳು ಆರಾಮವಾಗಿ ತೂರಬೇಕು. ನವಾರನ್ನು ತೆಗೆದು ಎಸೆದಾಯಿತು.

15ನೇ ದಿನ ಲಾಯದಲ್ಲೇ, ಲಗಾಮಿಲ್ಲದೆ, ಹತ್ತು ನಿಮಿಷ. ಕುದುರೆ ಮೊದಲೆರಡು ನಿಮಿಷ ಜಗಿಯಿತು, ಆಮೇಲೆ ತುಟಿಯಂಚಿನಲ್ಲಿ ತೆಳುವಾಗಿ ನೊರೆ ಬಂತು, ತಲೆ ಇಳಿಯಿತು. 16, 17ನೇ ದಿನ ಗಾಡಿಯಿಲ್ಲದೆ ಉದ್ದ ಲಗಾಮಿನಲ್ಲಿ ಹಿಂದಿನಿಂದ ನಡಿಗೆ. 18ಕ್ಕೆ ಖಾಲಿ ಗಾಡಿ, ಬೆಳಗಿನ ಆರು ಗಂಟೆಯ ಖಾಲಿ ರಸ್ತೆಯಲ್ಲಿ. 21ಕ್ಕೆ ಇಬ್ಬರು ಕೂತರು.

ತಪ್ಪಿದ್ದು ಗಾಡಿ ಕಟ್ಟಿದ ಮೂರನೇ ದಿನ. ಕುದುರೆ ನಾಲಿಗೆಯನ್ನು ಕಡಿವಾಣದ ಮೇಲೆ ಹಾಕಿಕೊಂಡಿತು, ಎಳೆದರೆ ಒತ್ತಡವೆಲ್ಲ ಬರೀ ಏಣಿಗೆ. ಮಾಲೀಕರು ಕಡಿವಾಣವೇ ಸರಿಯಿಲ್ಲ ಎಂಬ ತೀರ್ಮಾನಕ್ಕೆ ಬರುವುದರಲ್ಲಿದ್ದರು. ಅಳೆದರೆ ಹೊಸ ಚರ್ಮದ ಕೆನ್ನೆಪಟ್ಟಿಗಳು ಬೆವರಿಗೆ ಹಿಗ್ಗಿ ಕಡಿವಾಣ ಒಂದು ಸೆಂಟಿಮೀಟರ್ ಇಳಿದಿತ್ತು. ಎರಡೂ ಕಡೆ ಅರ್ಧ ಅಂತರದಲ್ಲಿ ಹೊಸ ತೂತು ಹೊಡೆದು ಏರಿಸಿದ ಮೇಲೆ ನಾಲಿಗೆ ಕೆಳಗಿಳಿಯಿತು. ಹೊಸ ಚರ್ಮವನ್ನು ಮೊದಲ ಹದಿನೈದು ದಿನ ದಿನಾ ನೋಡಬೇಕು ಅನ್ನುವುದು ಜೀನು ಹೊಲಿಯುವವರಿಗೆಲ್ಲ ಗೊತ್ತಿರುವ ಮಾತು. ಅದನ್ನು ಮಾಲೀಕರಿಗೆ ಹೇಳುವುದು ಬಿಟ್ಟುಹೋಗಿತ್ತು.

ಇನ್ನೊಂದು ಕೆಲಸ ಕೈಯದು. ಎಡ ಲಗಾಮಿನಲ್ಲಿ ಗಂಟು ಹಾಕಿ ಗಿಡ್ಡ ಮಾಡಿದ್ದರು, ಅದನ್ನು ಬಿಚ್ಚಿಸಲಾಯಿತು. ಎಡಕ್ಕೆ ತಿರುಗಿಸಲು ಬಳೆಯಾಡಿಸಿದಷ್ಟು ಹಗುರಾಗಿ ಎಳೆದು, ಮೂತಿ ಒಂದಿಂಚು ಎಡಕ್ಕೆ ಬಂದ ಕೂಡಲೇ ಬಿಡಬೇಕು. ಬಿಡುವುದೇ ಕುದುರೆಗೆ ಸಿಗುವ ಉತ್ತರ. ಗಾಯ ಮಾಯ್ದ ಮೇಲೂ ಕುದುರೆ ಎರಡು ವಾರ ಎಡ ಲಗಾಮು ಅಲುಗಿದರೆ ಸಾಕು ಕಿವಿ ಹಿಂದೆ ಹಾಕುತ್ತಿತ್ತು. ನೋವಿಲ್ಲ ಎಂದು ಅದಕ್ಕೆ ನಂಬಿಕೆ ಬರುವುದಕ್ಕೂ ಮಾಲೀಕರ ಎಡಗೈ ಸಡಿಲವಾಗುವುದಕ್ಕೂ ಹೆಚ್ಚುಕಮ್ಮಿ ಒಂದೇ ಸಮಯ ಹಿಡಿಯಿತು.

30ನೇ ದಿನ ಅದೇ ವೃತ್ತದಲ್ಲಿ ಹತ್ತು ಎಡ ತಿರುವುಗಳಲ್ಲಿ ಬಾಯಿ ಬಿಟ್ಟದ್ದು ಒಂದು ಸಲ, ಅದೂ ಪಕ್ಕದಲ್ಲಿ ಬಸ್ಸು ಹಾರ್ನ್ ಹೊಡೆದಾಗ. ಏಣಿನ ಹುಣ್ಣು ಪೂರ್ತಿ ಮಾಯ್ದಿತ್ತು. ಕಟವಾಯಿಯಲ್ಲಿ ಬಿಳಿ ಕಲೆ ಉಳಿದಿದೆ, ಅದು ಹೋಗುವುದಿಲ್ಲ. ಮಾಲೀಕರು ಈಗ ಪ್ರತಿ ವಾರ ಎರಡು ಏಣುಗಳನ್ನು ಹೆಬ್ಬೆರಳಿಂದ ಸವರಿ, ಕೀಲುಗಳಿಗೆ ಹತ್ತಿ ಒರೆಸಿ ನೋಡುತ್ತಾರೆ. ಹಲ್ಲಿನ ಮುಂದಿನ ತಪಾಸಣೆ ವರ್ಷದೊಳಗೆ.

60ನೇ ದಿನದ ಭೇಟಿಯಲ್ಲಿ ಎಡ ಕೆನ್ನೆಪಟ್ಟಿ ಮತ್ತೆ ಒಂದು ತೂತು ಮೇಲೇರಿತ್ತು. ಆ ದಿನ ಗಾಡಿ ಕಟ್ಟಿದ ಹುಡುಗ ಹಳೆಯ ರೂಢಿಯ ಮೇಲೆ ಹಾಗೆ ಬಿಗಿದಿದ್ದ. ಅದೇ ಸಂಜೆ ಪಟ್ಟಿಗಳನ್ನು ಜೀನು ಹೊಲಿಯುವವರಲ್ಲಿಗೆ ಒಯ್ದು, ಬೇಡದ ತೂತುಗಳನ್ನು ಎರಡೂ ಕಡೆ ಹೊಲಿಸಿ ಮುಚ್ಚಿಸಲಾಯಿತು.